ಗಂಟಲಿನ ಪ್ರೋಟಾನ್ ಪಂಪು ಮತ್ತು ಗ್ಯಾಸ್ಟ್ರಿಕ್ ಮಾತ್ರೆ

ಎದೆಯುರಿ ಇಲ್ಲ, ಹುಳಿತೇಗೂ ಇಲ್ಲ. ಆದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಬೆಳಿಗ್ಗೆ ದನಿ ಒಡೆದ ಹಾಗೆ. ತಡರಾತ್ರಿ ಉಂಡು ಬೆಳಗಿನವರೆಗೆ ಹಾಡುವ ಯಕ್ಷಗಾನ ಭಾಗವತರಿಗೂ, ಇಡೀ ದಿನ ಪಾಠ ಮಾಡುವ ಮೇಷ್ಟ್ರಿಗೂ ಇದು ಹೊಸದಲ್ಲ. ಉಡುಪಿ, ಮಂಗಳೂರಿನ ಮೆಡಿಕಲ್ ಶಾಪಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಕೈಗೆ ಬರುವುದು ಪ್ಯಾಂಟೊಪ್ರಜೋಲ್ ಎಂಬ ಗ್ಯಾಸ್ಟ್ರಿಕ್ ಮಾತ್ರೆ.

ಈ ಮಾತ್ರೆಯ ಗುರಿ ಜಠರದ ಪ್ರೋಟಾನ್ ಪಂಪು. ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಹೈಡ್ರೋಜನ್ ಅಯಾನನ್ನು ಹೊರದೂಡಿ, ಪೊಟ್ಯಾಸಿಯಂ ಒಳಗೆಳೆಯುವ ಪ್ರೋಟೀನು ಅದು. ಆಮ್ಲದ ಅಳತೆಯಾದ ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚು; ರಕ್ತದ ಪಿಎಚ್ 7.4 ಇದ್ದರೆ ಪಂಪಿನ ಬಾಯಲ್ಲಿ ಸುಮಾರು 1, ಅಂದರೆ ಹತ್ತು ಲಕ್ಷ ಪಟ್ಟಿಗೂ ಮಿಕ್ಕಿದ ಆಮ್ಲ. ಔಷಧ ರಕ್ತದಲ್ಲಿ ಬಂದು, ಆ ಕಡು ಆಮ್ಲದಲ್ಲೇ ರೂಪ ಬದಲಿಸಿ ಪಂಪಿಗೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಅದು ಉಳಿಯುವುದು ಕೆಲವೇ ಗಂಟೆ, ಪಂಪು ಚುರುಕಾಗುವುದು ಊಟಕ್ಕೆ. ಹಾಗಾಗಿ ತಿಂಡಿಗೆ 30ರಿಂದ 60 ನಿಮಿಷ ಮೊದಲೇ ನುಂಗಬೇಕು. ಗೋಳಿಬಜೆ ತಿಂದು ಉರಿ ಎದ್ದ ಮೇಲೆ ನುಂಗಿದರೆ ಪರಿಣಾಮ ಅರ್ಧಂಬರ್ಧ. ಜಗಿಯಲೂಬಾರದು: ಮೇಲಿನ ಲೇಪ ಹೋದರೆ ರಕ್ತ ಸೇರುವ ಮೊದಲೇ ಹೊಟ್ಟೆಯ ಆಮ್ಲ ಔಷಧವನ್ನು ಕೆಡಿಸುತ್ತದೆ.

ಧ್ವನಿಪೆಟ್ಟಿಗೆಯ ಲೋಳೆಗ್ರಂಥಿಗಳಲ್ಲೂ ಇದೇ ಪಂಪು ಇರುವುದನ್ನು 2000ದ ದಶಕದಲ್ಲಿ ಸಂಶೋಧಕರು ಗುರುತಿಸಿದರು. ಹಾಗೆಂದು ಗಂಟಲೇ ಆಮ್ಲ ಉಕ್ಕಿಸುತ್ತದೆ ಎಂದು ತೀರ್ಮಾನಿಸುವುದು ಅವಸರ. ಅಲ್ಲಿ ಜಠರದಂಥ ಕಡು ಆಮ್ಲವೂ ಇಲ್ಲ, ಆದ್ದರಿಂದ ಮಾತ್ರೆ ರೂಪ ಬದಲಿಸಲು ಆಸ್ಪದವೂ ಕಡಿಮೆ.

ನಮಗೆ ಹೆಚ್ಚು ಅನುಮಾನ ಇರುವುದು ಪೆಪ್ಸಿನ್ ಮೇಲೆ. ಜಠರದಿಂದ ಮೇಲೇರಿದ, ಪ್ರೋಟೀನು ಜೀರ್ಣಿಸುವ ಈ ಕಿಣ್ವ ಗಂಟಲ ಕೋಶಗಳೊಳಗೂ ಸೇರುತ್ತದೆ. ಪಿಎಚ್ 7ರಲ್ಲಿ ಕೆಲಸ ನಿಲ್ಲಿಸುತ್ತದೆ, ಆದರೆ ನಾಶವಾಗುವುದಿಲ್ಲ. ಆಮ್ಲ ತಾಗಿದರೆ ಮತ್ತೆ ಚುರುಕು. ಪಿತ್ತ ಇಳಿಯಲೆಂದು ಕುಡಿಯುವ ಪುನರ್ಪುಳಿ ಶರಬತ್ತೂ ಆಮ್ಲವೇ ತಾನೆ! ಮಾತ್ರೆ ಆಮ್ಲ ತಗ್ಗಿಸುತ್ತದೆ, ಜಠರದ ದ್ರವ ಗಂಟಲಿಗೇರುವ ಹಿಮ್ಮುಖ ಹರಿವನ್ನು ತಡೆಯುವುದಿಲ್ಲ. ಬ್ರಿಟನ್ನಿನಲ್ಲಿ ಗಂಟಲಿನ ತೊಂದರೆಯವರಿಗೆ ದಿನಕ್ಕೆರಡು ಸಲ ಇದೇ ಗುಂಪಿನ ಲ್ಯಾನ್ಸೊಪ್ರಜೋಲ್ ಮಾತ್ರೆಯನ್ನು 30 ಮಿಲಿಗ್ರಾಂನಂತೆ 16 ವಾರ ಕೊಟ್ಟರೂ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ.

ಹರಿವನ್ನೇ ತಡೆಯಬೇಕಾದರೆ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ದಿಮ್ಮಿ ಇಡಿ. ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆ ಅದುಮಿಕೊಳ್ಳುತ್ತದೆ. ಊಟದ ನಂತರದ ಆಲ್ಜಿನೇಟ್ ಸಿರಪ್ ಜಠರದ ದ್ರವದ ಮೇಲೆ ತೇಲುವ ಪದರ ಕಟ್ಟುತ್ತದೆ. ತಿಂಗಳುಗಟ್ಟಲೆ ನುಂಗಿದ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಆಮ್ಲ ಮರಳಿ ಉಕ್ಕಬಹುದು, ವೈದ್ಯರನ್ನು ಕೇಳಿ ಇಳಿಸಿ. ದನಿ ಒಡಕು ಮೂರು ವಾರ ದಾಟಿದರೆ, ನುಂಗಲು ಕಷ್ಟವಾದರೆ, ಅದರಲ್ಲೂ ಹೊಗೆಸೊಪ್ಪು ಜಗಿಯುವವರಾದರೆ, ಮಾತ್ರೆಯ ಕೋರ್ಸ್ ಮುಗಿಯುವವರೆಗೆ ಕಾಯದೆ ಇಎನ್‌ಟಿ ವೈದ್ಯರಿಂದ ಗಂಟಲೊಳಗೆ ಸ್ಕೋಪ್ ಹಾಕಿಸಿ ನೋಡಿಸಬೇಕು.