ಭಾಷಣ ಬರ್ಕೊಂಡು ಬರಬೇಡಿ

ನನ್ನ ಹತ್ತಿರ ಬಂದವರು ಮೊದಲು ಮಾಡುವ ಕೆಲಸ ಒಂದೇ. ಜೇಬಿಗೋ ಬ್ಯಾಗಿಗೋ ಕೈ ಹಾಕಿ, ನಾಲ್ಕು ಮಡಿಕೆ ಮಾಡಿದ ಹಾಳೆಗಳನ್ನು ತೆಗೆಯುತ್ತಾರೆ. 'ಮೇಡಂ, ಭಾಷಣ ಬರ್ಕೊಂಡು ಬಂದಿದೀನಿ. ಬಾಯಿಪಾಠನೂ ಆಗಿದೆ. ಭಯ ಒಂದು ಹೋಗೋ ಹಾಗೆ ಮಾಡಿಬಿಡಿ.'

ಭಯದ ವಿಷಯ ಆಮೇಲೆ. ನನಗೆ ಸಿಟ್ಟು ಬರುವುದು ಆ ಹಾಳೆಗಳನ್ನು ನೋಡಿ.

ಮಾತಾಡುವುದನ್ನು ಹೇಳಿಕೊಡೋಕೆ ಶುರು ಮಾಡಿ ಹದಿನೆಂಟು ವರ್ಷ ಆಯಿತು. ಮೈಕ್ ಎಷ್ಟು ದೂರ ಇರಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು, ಇದೆಲ್ಲ ಒಂದು ಮಧ್ಯಾಹ್ನದ ಕೆಲಸ. ಜನರ ತಲೆಗೆ ಇಳಿಯದೇ ಇರುವುದು ಒಂದೇ ಮಾತು: ಪೂರ್ತಿ ಬರೆದು ಬಾಯಿಪಾಠ ಮಾಡಬೇಡಿ. ಹೇಳಿದಾಗ ಹೂಂ ಅನ್ನುತ್ತಾರೆ. ಮುಂದಿನ ವಾರ ಮತ್ತೆ ಹಾಳೆ ತರುತ್ತಾರೆ. ಈ ಸಲ ಟೈಪ್ ಮಾಡಿಸಿ!

ಅಂಥವರಿಗೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಹದಿನೇಳೇಳ್ಲೆ ಎಷ್ಟು? ಮಗ್ಗಿ ಬಾಯಿಪಾಠ ಮಾಡಿದವರ ತುಟಿ ನೋಡಬೇಕು ಆಗ. ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಲ್ಕು ಅಂತ ಮೆಲ್ಲಗೆ ಮೇಲಿಂದ ಇಳಿದು ಬರುತ್ತಾರೆ. 119ಕ್ಕೆ ನೇರ ದಾರಿ ಇಲ್ಲ. ಬಾಯಿಪಾಠದ ಗುಣವೇ ಅದು. ಒಂದು ಪದ ಇನ್ನೊಂದರ ಕೈ ಹಿಡಿದು ಸಾಲಾಗಿ ಬರುತ್ತದೆ. ನಡುವೆ ಒಂದು ಕೈ ಬಿಟ್ಟರೆ ಹಿಂದಿನವೆಲ್ಲ ಅಲ್ಲೇ ನಿಂತುಬಿಡುತ್ತವೆ. ಮತ್ತೆ ಮೇಲಿಂದ ಶುರು ಮಾಡಬೇಕು.

ಸುಮ್ನೆ ಹೇಳುತ್ತಿಲ್ಲ. ಒಬ್ಬ ಬ್ಯಾಂಕ್ ಅಧಿಕಾರಿ ಇದ್ದರು. ತುಂಬ ಒಳ್ಳೆ ಮನುಷ್ಯ. ಸಹೋದ್ಯೋಗಿಯ ಬೀಳ್ಕೊಡುಗೆಗೆ ಆರು ಹಾಳೆ ಬರೆದಿದ್ದರು. ನಾನು ಬೇಡ ಅಂದರೂ ಕೇಳಲಿಲ್ಲ. ಅವತ್ತು ನಾನೂ ಹಿಂದಿನ ಸಾಲಲ್ಲಿ ಕೂತಿದ್ದೆ. ಮೂರು ನಿಮಿಷ ಚೆನ್ನಾಗೇ ಹೋಯಿತು. ಆಮೇಲೆ 'ಇವರು ನನಗೆ ಸಹೋದರ' ಅಂದರು, ನಿಂತರು. 'ಸಹೋದರ...' ಮುಂದಿನ ಪದ 'ಸಮಾನರು'. ಅದು ಬರಲಿಲ್ಲ. ಮುಂದಿನ ಸಾಲಲ್ಲಿ ಯಾರೋ ಕೆಮ್ಮಿದರು. ಇವರು ಕಣ್ಣು ಮುಚ್ಚಿ, ಉಸಿರೆಳೆದು, 'ವೇದಿಕೆಯ ಮೇಲೆ ಆಸೀನರಾಗಿರುವ...' ಅಂತ ಮೊದಲಿನಿಂದ ಶುರು ಮಾಡಿದರು! ಇಡೀ ಸಭೆ ನಕ್ಕಿತು. ನಾನೂ ನಕ್ಕೆ, ಪಾಪ.

ಊಟದ ಹೊತ್ತಲ್ಲಿ ಅದೇ ಮನುಷ್ಯ ಕೈಯಲ್ಲಿ ತಟ್ಟೆ ಹಿಡಿದು, 'ಮೇಡಂ, ಅವರು ನಂಗೆ ಅಣ್ಣನ ಥರ. ನಮ್ಮಪ್ಪ ಆಸ್ಪತ್ರೇಲಿದ್ದಾಗ ರಾತ್ರಿಯೆಲ್ಲ ಜೊತೆಗೆ ಕೂತಿದ್ರು' ಅಂದರು. ಇದನ್ನೇ ಅಲ್ಲಿ ಹೇಳಬೇಕಿತ್ತಲ್ವಾ? ಆರು ಹಾಳೆಯಲ್ಲಿ ಆಸ್ಪತ್ರೆಯ ಸುದ್ದಿಯೇ ಇರಲಿಲ್ಲ.

ಕನ್ನಡದವರಿಗೆ ಈ ತೊಂದರೆ ಸ್ವಲ್ಪ ಜಾಸ್ತಿ ಅಂತ ನನ್ನ ಅನಿಸಿಕೆ. ನಮ್ಮ ಬಾಯಿಯ ಕನ್ನಡ ಬೇರೆ, ಪೆನ್ನಿನ ಕನ್ನಡ ಬೇರೆ. ಮನೆಯಲ್ಲಿ 'ಖುಷಿ ಆಯ್ತು' ಅನ್ನುವವರು ಪೆನ್ನು ಹಿಡಿದ ಕೂಡಲೇ 'ಹರ್ಷ ವ್ಯಕ್ತಪಡಿಸಲು ಇಚ್ಛಿಸುತ್ತೇನೆ' ಅಂತ ಬರೆಯುತ್ತಾರೆ. ಹುಟ್ಟಿದಾಗಿನಿಂದ ಒಂದು ಸಲವೂ ಬಾಯಲ್ಲಿ ಆಡದ ಮಾತು ಅದು. ಎದೆ ಡವಗುಟ್ಟುವಾಗ ನಾಲಿಗೆಗೆ ಸಿಗುವುದು ಹಳೇ ಅಭ್ಯಾಸದ ಮಾತು ಮಾತ್ರ.

ಹಾಗಾದರೆ ತಯಾರಿ ಬೇಡವಾ ಅಂತ ಕೇಳುತ್ತಾರೆ. ತಯಾರಿ ಬೇಕು, ವಾಕ್ಯ ಬೇಡ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಳಮದ್ದಳೆ ನೋಡಿ. ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಅದರ ಮೇಲೆ ಮಾತು ಕಟ್ಟುತ್ತಾರೆ. ಆ ಮಾತಿಗೇ ಅರ್ಥ ಅನ್ನುವುದು. ಪದ್ಯ ಮೊದಲೇ ಬರೆದದ್ದು, ಮಾತು ಆ ರಾತ್ರಿಯದು. ಎದುರಿನ ಪಾತ್ರಧಾರಿ ಏನು ಕೇಳುತ್ತಾನೋ ಗೊತ್ತಿರುವುದಿಲ್ಲ, ಆದರೂ ತಡವರಿಸುವುದಿಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಕೇಳಿದವರು ಅದನ್ನು ಇವತ್ತಿಗೂ ನೆನೆಯುತ್ತಾರೆ. ಪುರಾಣ ಅರೆದು ಕುಡಿದಿದ್ದರು, ಅದು ಅವರ ತಯಾರಿ.

ನಮಗೆ ಅಷ್ಟು ಬೇಡ. ಐದು ಪದ ಸಾಕು. ಒಂದೊಂದು ಪದವೂ ಒಂದು ಗೂಟ. ಮಾತನ್ನು ಒಂದು ಗೂಟದಿಂದ ಇನ್ನೊಂದಕ್ಕೆ ಒಯ್ಯಬೇಕು, ಅಷ್ಟೇ. ಆ ಐದು ಪದ ಇಟ್ಟುಕೊಂಡು ಮನೆಯಲ್ಲಿ ನಾಲ್ಕು ಸಲ ಜೋರಾಗಿ ಮಾತಾಡಿ. ಮನಸ್ಸಲ್ಲೇ ಅಲ್ಲ, ಜೋರಾಗಿ. ನಾಲ್ಕು ಸಲವೂ ವಾಕ್ಯ ಬೇರೆಬೇರೆ ಬರುತ್ತವೆ. 'ಮೇಡಂ, ನಿನ್ನೆ ಹೇಳಿದ್ದು ಇವತ್ತು ಬರ್ತಿಲ್ಲ' ಅಂತ ಗಾಬರಿಯಾಗಿ ಫೋನ್ ಮಾಡುತ್ತಾರೆ. ಬರಬಾರದು ಮಾರಾಯ್ರೇ! ಒಂದೇ ಗೂಟಕ್ಕೆ ನಾಲ್ಕು ದಾರಿ ಗೊತ್ತಿದ್ದರೆ ಒಂದು ಮುಚ್ಚಿದರೂ ಇನ್ನೊಂದರಲ್ಲಿ ಹೋಗಬಹುದು. ಬೇಕಿದ್ದರೆ ಮೊದಲ ವಾಕ್ಯ, ಕೊನೆಯ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಅಂಕಿ ಮತ್ತು ಹೆಸರುಗಳನ್ನು ಮಾತ್ರ ಚೀಟಿಯಲ್ಲಿ ಪೂರ್ತಿ ಬರೆದುಕೊಳ್ಳಿ.

ಎಲ್ಲ ಕಡೆ ಇದು ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಬಜೆಟ್ಟು, ಕಾನೂನಿನ ಹೇಳಿಕೆ, ಒಂದು ಪದ ಆಚೀಚೆ ಆದರೂ ತೊಂದರೆಯಾಗುವ ಮಾತು ಇದ್ದರೆ ನೋಡಿಯೇ ಓದಿ, ನಾಚಿಕೆ ಬೇಡ. ಇನ್ನು ಭಯ. ಅದು ಪೂರ್ತಿ ಹೋಗುವುದಿಲ್ಲ, ನನಗೂ ಹೋಗಿಲ್ಲ. ಉಗ್ಗು ಇದ್ದವರಿಗೆ, ಧ್ವನಿ ತಿಂಗಳುಗಟ್ಟಲೆ ಒಡೆದೇ ಇರುವವರಿಗೆ ನನ್ನ ಪಾಠ ಔಷಧಿಯಲ್ಲ. ಅಂಥವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಅನ್ನುತ್ತೇನೆ. ಅದು ಬೇರೆಯದೇ ವಿದ್ಯೆ.

ಒಬ್ಬರ ಕಥೆ ಹೇಳಲೇಬೇಕು. ಹಾಲಿನ ಡೇರಿಯ ಕಾರ್ಯದರ್ಶಿ, ಐವತ್ತರ ಹತ್ತಿರದ ಹೆಂಗಸು. ವಾರ್ಷಿಕ ಸಭೆಯಲ್ಲಿ ಮಾತಾಡಬೇಕಿತ್ತು. ಅಕ್ಕನ ಮಗ ಬರೆದುಕೊಟ್ಟ ಹಾಳೆ ತಂದಿದ್ದರು. 'ಸಂಘದ ಸರ್ವತೋಮುಖ ಅಭಿವೃದ್ಧಿಯ ದೃಷ್ಟಿಯಿಂದ' ಅಂತ ಶುರು. ಸರ್ವತೋಮುಖ ಅನ್ನೋದರಲ್ಲೇ ನಾಲಿಗೆ ಹೊರಳಲಿಲ್ಲ. ನಾನು ಹಾಳೆ ಪಕ್ಕಕ್ಕಿಟ್ಟು, ಡೇರಿಗೆ ಹಾಲು ಹಾಕೋಕೆ ಬಂದವಳ ಥರ, 'ಅಕ್ಕ, ಒಂದೇ ಥರದ ಹಸು ಇದ್ರೂ ಪಕ್ಕದ ಮನೆಯವರಿಗಿಂತ ನಂಗೆ ರೇಟು ಕಮ್ಮಿ ಯಾಕೆ ಬರುತ್ತೆ?' ಅಂದೆ.

ಸೆರಗು ಸಿಕ್ಕಿಸಿಕೊಂಡು ಕೂತರು. 'ನೋಡಿ ಮೇಡಂ, ರೇಟು ಫ್ಯಾಟ್ ಮೇಲೆ, ಎಸ್‌ಎನ್‌ಎಫ್ ಮೇಲೆ. ಅಂದ್ರೆ ಜಿಡ್ಡು ಎಷ್ಟಿದೆ, ಜಿಡ್ಡು ಬಿಟ್ಟು ಬೇರೆ ಗಟ್ಟಿ ಅಂಶ ಎಷ್ಟಿದೆ ಅಂತ. ಕೊನೆಗೆ ಬರೋ ಹಾಲಲ್ಲೇ ಜಿಡ್ಡು ಜಾಸ್ತಿ. ನೀವು ಮೊದಲು ಕರೆದು ಕ್ಯಾನಿಗೆ ಹಾಕ್ತೀರಾ, ಕೊನೇದನ್ನ ಕರುವಿಗೆ ಬಿಡ್ತೀರಾ. ಡೇರಿಗೆ ತೆಳ್ಳಂದು ಬರುತ್ತೆ. ಕರುವಿಗೆ ಮೊದಲೇ ಕುಡಿಸಿ, ಆಮೇಲೆ ಪೂರ್ತಿ ಹಿಂಡಿ ಕರೀರಿ. ಫ್ಯಾಟ್ ನೋಡೋ ಮಿಷನ್ ಮೋಸ ಅಂತ ನನ್ನ ಬೈಬೇಡಿ.' ಎರಡೂ ಕೈ ಗಾಳಿಯಲ್ಲೇ ಹಾಲು ಕರೆಯುತ್ತಿದ್ದವು. ಹತ್ತು ನಿಮಿಷ ನಾನು ಅಲ್ಲಾಡಲಿಲ್ಲ.

'ಇದೇ ನಿಮ್ಮ ಭಾಷಣ' ಅಂದೆ. ನಂಬಲಿಲ್ಲ. 'ಇದು ಮಾತಲ್ವಾ ಮೇಡಂ, ಭಾಷಣ ಅಂದ್ರೆ ಬೇರೆ' ಅಂದರು. ಕೊನೆಗೆ ಬಸ್ ಟಿಕೆಟಿನ ಹಿಂದೆ ಐದು ಪದ ಬರೆಸಿದೆ. ಫ್ಯಾಟ್, ಕರು, ಮೇವು, ಕ್ಯಾನು, ಬೋನಸ್.

ಸಭೆ ಮುಗಿದ ಎರಡು ದಿನಕ್ಕೆ ಫೋನ್ ಬಂತು. ಮಾತಾಡಿ ಮುಗಿಸಿದ ಮೇಲೂ ಜನ ಬಿಡಲಿಲ್ಲವಂತೆ, ಕರುವಿನ ವಿಷಯ ಮತ್ತೆ ಮತ್ತೆ ಕೇಳಿದರಂತೆ, ಊಟಕ್ಕೆ ತಡವಾಯಿತಂತೆ. 'ಆದ್ರೆ ಮೇಡಂ, ಅಧ್ಯಕ್ಷರ ಹೆಸರು ಹೇಳೋದೇ ಮರೆತೆ. ಎರಡು ದಿನದಿಂದ ಮುಖ ಕೊಟ್ಟು ಮಾತಾಡ್ತಿಲ್ಲ.'

ಅದು ನನ್ನ ತಪ್ಪು. ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ ಅಂತ ಹೇಳೋಕೆ ಶುರು ಮಾಡಿದ್ದು ಅವತ್ತಿನಿಂದ.