ಪೆಟ್ಟಿಗೆಯ ಸಂಖ್ಯೆ, ಬೆಳಕಿನ ಸಂಖ್ಯೆ

ಒಂದೇ ರಸ್ತೆಯಲ್ಲಿ, ಒಂದೇ ಮಧ್ಯಾಹ್ನ, ಎರಡು ಉಪಕರಣಗಳು ಗಾಳಿಯನ್ನು ಕೆಡಿಸುವ ಅನಿಲವಾದ ನೈಟ್ರೋಜನ್ ಡೈಆಕ್ಸೈಡಿಗೆ ಬೇರೆ ಬೇರೆ ಸಂಖ್ಯೆ ತೋರಿಸಿದಾಗ ಯಾವುದನ್ನು ನಂಬಬೇಕೆಂದು ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುತ್ತಾರೆ. ಆ ಸಂಖ್ಯೆಗಳು ಹುಟ್ಟುವ ಬಗೆ ತಿಳಿಯದೆ ಇದಕ್ಕೆ ಉತ್ತರಿಸಲಾಗದು.

ಹೆಚ್ಚಿನ ಮಾಪನ ಕೇಂದ್ರಗಳಲ್ಲಿರುವ ಪೆಟ್ಟಿಗೆಯು ಗಾಳಿಯನ್ನು ಕೊಳವೆಯಿಂದ ಒಳಗೆಳೆದು, ಕಾದ ಮಾಲಿಬ್ಡಿನಮ್ ಲೋಹದ ಮೇಲೆ ಹಾಯಿಸಿ, ಡೈಆಕ್ಸೈಡನ್ನು ನೈಟ್ರಿಕ್ ಆಕ್ಸೈಡಾಗಿ ಬದಲಿಸಿ, ಅದು ಓಝೋನಿನೊಡನೆ ಸೇರಿದಾಗ ಹೊಮ್ಮುವ ಮಂದ ಬೆಳಕನ್ನು ಅಳೆಯುತ್ತದೆ. ತೊಡಕೆಂದರೆ, ನೈಟ್ರಿಕ್ ಆಮ್ಲದಂತಹ ಬೇರೆ ಸಂಯುಕ್ತಗಳೂ ಆ ಬಿಸಿಯಲ್ಲಿ ಹಾಗೆಯೇ ಬದಲಾಗಿ ಲೆಕ್ಕಕ್ಕೆ ಸೇರಿಬಿಡುತ್ತವೆ. 2003ರಲ್ಲಿ ಮೆಕ್ಸಿಕೋ ನಗರದಲ್ಲಿ ಇಂತಹ ಪೆಟ್ಟಿಗೆಗಳನ್ನು, ಹೊರಗಿನ ಗಾಳಿಯ ಮೂಲಕ ಬೆಳಕು ಹಾಯಿಸಿ ಅಳೆಯುವ ಬೆಳಕಿನ ವಿಧಾನದೊಂದಿಗೆ ಹೋಲಿಸಿದಾಗ, ಬಿಸಿಲೇರಿದ ಮಧ್ಯಾಹ್ನಗಳಲ್ಲಿ ಈ ಹೆಚ್ಚುವರಿ ಶೇ. 50ರವರೆಗೂ ಹೋಗಿದ್ದು ಕಂಡುಬಂತು.

ಬೆಳಕಿನ ವಿಧಾನವನ್ನು 1970ರ ದಶಕದ ಕೊನೆಯಲ್ಲಿ ಜರ್ಮನಿಯ ಉಲ್ರಿಷ್ ಪ್ಲಾಟ್ ಮತ್ತು ಡೀಟರ್ ಪರ್ನರ್ ರೂಪಿಸಿದರು. ಇದರಲ್ಲಿ ಗಾಳಿಯನ್ನು ಎಲ್ಲಿಗೂ ಎಳೆಯುವುದಿಲ್ಲ. ಒಂದು ತಾರಸಿಯಿಂದ ಕ್ಸೆನಾನ್ ದೀಪದ ಬೆಳಕನ್ನು ಹೊರಡಿಸುತ್ತೇವೆ; ಐನೂರು ಮೀಟರ್ ಆಚೆಯ ಇನ್ನೊಂದು ತಾರಸಿಯಲ್ಲಿರುವ, ಬಂದ ದಿಕ್ಕಿಗೇ ಬೆಳಕನ್ನು ಮರಳಿಸುವ ಕನ್ನಡಿಗಳು ಅದನ್ನು ಹಿಂದಕ್ಕೆ ಕಳುಹಿಸುತ್ತವೆ. ಹೀಗೆ ಒಂದು ಕಿಲೋಮೀಟರ್ ಸಾಗಿ ಬಂದ ಬೆಳಕನ್ನು ರೋಹಿತಮಾಪಕವು ತರಂಗಾಂತರಗಳಾಗಿ, ಅಂದರೆ ರೋಹಿತವೆಂಬ ಬಣ್ಣಗಳ ಸಾಲಾಗಿ, ಬಿಡಿಸುತ್ತದೆ. ದಾರಿಯುದ್ದಕ್ಕೂ ನಮ್ಮ ದೇಶದ 24 ಗಂಟೆಗಳ ಮಿತಿಯಾದ ಘನಮೀಟರಿಗೆ 80 ಮೈಕ್ರೋಗ್ರಾಂ ಡೈಆಕ್ಸೈಡ್ ಇದ್ದರೂ, 440 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಕುಗ್ಗುವುದು ಹೆಚ್ಚುಕಡಿಮೆ ಶೇ. 5ರಷ್ಟೇ. ದೂಳು, ಮಂಜು, ದೀಪದ ಸವಕಳಿ ಇದಕ್ಕಿಂತ ಎಷ್ಟೋ ಹೆಚ್ಚು ಬೆಳಕನ್ನು ಕಬಳಿಸುತ್ತವೆ. ಆದರೆ ಅವುಗಳಿಂದಾಗುವ ಇಳಿಕೆ ರೋಹಿತದ ಉದ್ದಕ್ಕೂ ನಿಧಾನವಾಗಿ ಬಾಗುವ ಗೆರೆ. ಡೈಆಕ್ಸೈಡ್ ಉಳಿಸುವುದು ಕೆಲವೇ ನ್ಯಾನೋಮೀಟರುಗಳಲ್ಲಿ ಏರಿಳಿಯುವ ಹಲ್ಲುಹಲ್ಲಾದ ಗುರುತು. ನಿಧಾನದ ಬಾಗನ್ನು ಗಣಿತದಿಂದ ಕಳೆದು, ಉಳಿದ ಹಲ್ಲುಗಳನ್ನು ಪ್ರಯೋಗಶಾಲೆಯಲ್ಲಿ ದಾಖಲಿಸಿದ ರೋಹಿತಕ್ಕೆ ಹೊಂದಿಸಿ ನೋಡುವುದೇ ಈ ವಿಧಾನದ ಜೀವಾಳ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಒಂದು ಮಳೆಗಾಲ ಕಳೆದ ಮೇಲೆ. ಮರಳಿ ಬರುವ ಬೆಳಕು ಮೂರನೇ ಒಂದು ಪಾಲಿಗೆ ಇಳಿದಿತ್ತು. ತಾರಸಿ ಹತ್ತಿ ನೋಡಿದರೆ ಕನ್ನಡಿಗಳ ಮುಂದೆ ಜೇಡರ ಬಲೆ, ಬಲೆಯ ಎಳೆಗಳ ಮೇಲೆ ರಸ್ತೆಯಿಂದ ಎದ್ದ ಕಪ್ಪು ಜಿಡ್ಡು. ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಬಂದ ಮೇಲೆ ಬೆಳಕು ಮೂರು ಪಟ್ಟಾಯಿತು, ಡೈಆಕ್ಸೈಡಿನ ಅಳತೆ ಮಾತ್ರ ಹೆಚ್ಚು ಕದಲಲಿಲ್ಲ. ಅದರ ದೋಷಮಿತಿ ಕಿರಿದಾಯಿತು, ಅಷ್ಟೇ. ಪೆಟ್ಟಿಗೆಯ ಕೊಳವೆಗೆ ಅಂತಹ ಜಿಡ್ಡು ಹಿಡಿದಿದ್ದರೆ ಅಳತೆಯೇ ಕೆಡುವ ಸಂಭವವಿತ್ತು.

ಹಾಗೆಂದು ಬೆಳಕಿನ ಸಂಖ್ಯೆ ಎಲ್ಲದಕ್ಕೂ ಸಲ್ಲದು. ಅದು ತಾರಸಿಯ ಎತ್ತರದಲ್ಲಿ, ಎರಡು ತಾರಸಿಗಳ ನಡುವಿನ ಇಡೀ ದಾರಿಯ ಸರಾಸರಿ. ಕೆಳಗೆ ಬಸ್ ನಿಲ್ದಾಣದಲ್ಲಿ ನಿಂತ ಮಗು ಉಸಿರಾಡುವುದು ಅದಕ್ಕಿಂತ ಹೊಲಸಾದ ಗಾಳಿಯಾಗಿರಬಹುದು. ದಟ್ಟ ಮಂಜಿನಲ್ಲಂತೂ ಬೆಳಕು ಮರಳುವುದೇ ಇಲ್ಲ. ಆದ್ದರಿಂದ ಅನಿಲ ಯಾವುದೆಂಬ ಪ್ರಶ್ನೆಗೆ ನಾನು ಬೆಳಕನ್ನು ನಂಬುತ್ತೇನೆ. ಒಂದು ನಿರ್ದಿಷ್ಟ ಜಾಗದ ಪ್ರಶ್ನೆಗೆ, ಬೆಳಕಿನೊಡನೆ ಹೋಲಿಸಿ ತಿದ್ದಿದ ಪೆಟ್ಟಿಗೆಯನ್ನು ಬಳಸುತ್ತೇನೆ. ಬೆಳಕಿನ ಸಂಖ್ಯೆಯನ್ನು ಯಾರಾದರೂ ನನ್ನ ಮುಂದಿಟ್ಟರೆ, ಕಿರಣ ಹಾದುಹೋದ ದಾರಿ ಎಷ್ಟು ಎತ್ತರದಲ್ಲಿತ್ತು ಎಂದು ಮೊದಲು ಕೇಳುತ್ತೇನೆ. ಹಲ್ಲುಗಳನ್ನು ಹೊಂದಿಸಿದ ಮೇಲೆ ರೋಹಿತದಲ್ಲಿ ಏನು ಉಳಿಯಿತೆಂಬ ನಕ್ಷೆಯನ್ನು ಆಮೇಲೆ ತರಿಸಿಕೊಳ್ಳುತ್ತೇನೆ.