ಹಳೆಯ ಪೋಲೊ ಜಿಟಿಯೋ, ಹೊಸದೋ?

ಬೆಳಗಾವಿಯ ಉದ್ಯಮಬಾಗದಲ್ಲಿರುವ ನನ್ನ ಗ್ಯಾರೇಜಿಗೆ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೊ ಕಾರು ತೋರಿಸಲು ತರುವವರು ಮೊದಲು ಕೇಳುವುದು ಒಂದೇ: "ಸರ್, ಹಳೇ ಜಿಟಿ ತಗೋಬೇಕೋ, ಹೊಸಾದೋ ಹೇಳ್ರಿ." ಜಿಟಿ ಎಂದರೆ ಪೋಲೊದ ಚುರುಕು ಮಾದರಿ. ಹಳೆಯದೆಂದರೆ 2013ರಲ್ಲಿ ಬಂದ, ನಾಲ್ಕು ಸಿಲಿಂಡರಿನ 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಟಿಎಸ್‌ಐ. ಹೊಸದೆಂದರೆ ಹೊಗೆ ನಿಯಂತ್ರಣದ ಬಿಎಸ್ 6 ನಿಯಮದ ಜೊತೆಗೆ 2020ರಲ್ಲಿ ಬಂದ, ಮೂರು ಸಿಲಿಂಡರಿನ 1.0 ಲೀಟರ್ ಟಿಎಸ್‌ಐ. ವಿದೇಶಗಳಲ್ಲಿ 2017ರಲ್ಲೇ ಪೋಲೊದ ಆರನೆಯ ತಲೆಮಾರು ರಸ್ತೆಗಿಳಿದರೂ, ನಮ್ಮಲ್ಲಿ ಐದನೆಯ ತಲೆಮಾರಿನ ಬಾಡಿಯೇ 2010ರಿಂದ 2022ರವರೆಗೆ ನಡೆದದ್ದರಿಂದ, ನಮ್ಮ ಮಟ್ಟಿಗೆ ತಲೆಮಾರು ಬದಲಾದದ್ದು ಬಾನೆಟ್ಟಿನ ಕೆಳಗೆ. ಮೊದಲಿನದನ್ನು ನಾನು ಏಳು ವರ್ಷ ಓಡಿಸಿದ್ದೇನೆ. ಈಗ ಇರುವುದು 1.0ರ ಮ್ಯಾನುಯಲ್.

ಹಳೆಯದರ ಶಕ್ತಿ 105 ಪಿಎಸ್ (ಅಶ್ವಶಕ್ತಿ), ಹೊಸದರದು 110. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಎರಡರಲ್ಲೂ 175 ನ್ಯೂಟನ್ ಮೀಟರ್. ಇಷ್ಟನ್ನೇ ಓದಿಕೊಂಡವರು ಹೊಸದೇ ಮೇಲೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಆ ಟಾರ್ಕ್ ಹಳೆಯದರಲ್ಲಿ 1500 ಆರ್‌ಪಿಎಂಗೇ (ನಿಮಿಷಕ್ಕೆ ಅಷ್ಟು ಸುತ್ತು) ಪೂರ್ತಿ ಸಿಗುತ್ತದೆ, ಹೊಸದರಲ್ಲಿ 1750ಕ್ಕೆ. ಈ 250 ಸುತ್ತುಗಳ ಬೆಲೆ ತಿಳಿಯಬೇಕಾದರೆ ಗೋವಾದಿಂದ ಮರಳುವಾಗ ಚೋರ್ಲಾ ಘಾಟ್ ಏರಬೇಕು. ತಿರುವಿನಲ್ಲಿ ಮುಂದೆ ತುಂಬಿದ ಲಾರಿ ತೆವಳುತ್ತಿದ್ದು, ನಾವು ಸೋಮಾರಿತನದಿಂದ ಮೂರನೇ ಗೇರಿನಲ್ಲೇ ಉಳಿದರೆ, ಹೊಸ ಎಂಜಿನ್ ಗೊರಗುಟ್ಟುತ್ತದೆ, ಗೇರ್ ಲಿವರ್ ಅಂಗೈಯಲ್ಲಿ ನಡುಗುತ್ತದೆ, ಎರಡಕ್ಕೆ ಇಳಿಸದೆ ಗಾಡಿ ಮುಂದಕ್ಕೆ ಎಳೆಯುವುದಿಲ್ಲ. ಹಳೆಯದು ಆಟೊಮ್ಯಾಟಿಕ್ ಆದ್ದರಿಂದ ಇದೇ ಜಾಗದಲ್ಲಿ ತಾನೇ ಗೇರ್ ಇಳಿಸಿ ಸದ್ದಿಲ್ಲದೆ ಹತ್ತುತ್ತಿತ್ತು. ಎರಡು ಸಾವಿರ ದಾಟಿದ ಮೇಲೆ ಮಾತ್ರ ಹೊಸದರ ಪಿಕಪ್ ಚುರುಕು, ಕೈಯಾರೆ ಗೇರ್ ಹಾಕುವ ಸುಖವೂ ಅದರದ್ದೇ. ನಾನು ಬದಲಾಯಿಸಿದ್ದು ಅದಕ್ಕಾಗಿಯೇ.

ಹಳೆಯ ಜಿಟಿಯಲ್ಲಿ ಕೊಳ್ಳುವವರು ಎಂಜಿನ್ನಿಗಿಂತ ಹೆಚ್ಚು ಅರಿತುಕೊಳ್ಳಬೇಕಾದದ್ದು ಅದರ ಏಳು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಯನ್ನು. ಅದರಲ್ಲಿ ಎರಡು ಕ್ಲಚ್‌ಗಳಿವೆ: ಒಂದು 1, 3, 5, 7ನೇ ಗೇರುಗಳಿಗೆ, ಇನ್ನೊಂದು 2, 4, 6 ಮತ್ತು ರಿವರ್ಸಿಗೆ. ಒಂದು ಗೇರ್ ಎಳೆಯುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕಾದಿರುವುದರಿಂದ ಬದಲಾವಣೆ ಕಣ್ಣುಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದರೆ ಇವು ಒಣ ಕ್ಲಚ್‌ಗಳು. ಶಾಖವನ್ನು ಹೊತ್ತೊಯ್ಯಲು ಸುತ್ತ ಎಣ್ಣೆ ಇಲ್ಲ. ಬ್ರೇಕ್ ಪೂರ್ತಿ ಒತ್ತಿ ನಿಂತರೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಅರ್ಧ ಒತ್ತಿ ಅಡಿ ಅಡಿಯಾಗಿ ತೆವಳಿಸಿದರೆ ಅದು ಉಜ್ಜುತ್ತಲೇ ಇರುತ್ತದೆ.

ಒಂದು ಬೇಸಿಗೆಯ ಮಧ್ಯಾಹ್ನ ತಿಳಕವಾಡಿಯ ಎರಡನೇ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದೆ. ಗೇಟ್ ತೆರೆದರೂ ಎರಡೂ ಕಡೆಯ ವಾಹನಗಳು ಎದುರುಬದುರು ನುಗ್ಗಿದ್ದರಿಂದ ಯಾರೂ ಅಲುಗುವಂತಿರಲಿಲ್ಲ, ಎದುರಿನ ಟಂಟಂ ಆಟೊ ಗೇಣು ಸರಿದಾಗಲೆಲ್ಲ ನಾನೂ ಗೇಣು ಸರಿದೆ. ಹಳಿ ದಾಟಿದ ಮೇಲೆ ಒಂದರಿಂದ ಎರಡಕ್ಕೆ ಹೋಗುವಾಗ ಗಾಡಿ ಕೊಸರಿತು, ಸುಟ್ಟ ವಾಸನೆಯೂ ಬಂತು. ಗಿರಾಕಿಗಳಿಗೆ ದಿನವೂ ಬುದ್ಧಿ ಹೇಳುವ ನಾನೇ ಆ ದಿನ ಕ್ಲಚ್ ಕಾಯಿಸಿದ್ದೆ. ಊರೊಳಗೇ ಹೆಚ್ಚು ಓಡಾಡುವವರಿಗೆ ಹೊಸದರ ಆರು ಗೇರಿನ ಆಟೊಮ್ಯಾಟಿಕ್ಕೇ ವಾಸಿಯೆಂದು ನಾನು ಹೇಳುವುದು ಇದಕ್ಕೇ. ಅದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರಿನ ಎಣ್ಣೆ ಇರುವುದರಿಂದ ತೆವಳಿಕೆಯಲ್ಲಿ ಸವೆಯುವ ಕ್ಲಚ್ ಇಲ್ಲ. ಬದಲಾವಣೆ ಡಿಎಸ್‌ಜಿಯಷ್ಟು ಚುರುಕಲ್ಲ, ಅಷ್ಟೇ.

ನಿಜವಾದ ಹಾಟ್ ಹ್ಯಾಚ್ (ಸಣ್ಣ ಆದರೆ ಬಲು ವೇಗದ ಕಾರು) ಎಂದರೆ 2016ರಲ್ಲಿ ಇಲ್ಲಿಗೆ ಬಂದ, 192 ಪಿಎಸ್‌ನ ಮೂರು ಬಾಗಿಲಿನ ಪೋಲೊ ಜಿಟಿಐ ಎಂದು ವಾದಿಸುವವರಿದ್ದಾರೆ, ಅವರ ಮಾತು ಸರಿಯೇ. ಆದರೆ ದೇಶಕ್ಕೆಲ್ಲ ಬಂದದ್ದು 99 ಗಾಡಿ. 2025ರ ಗಾಲ್ಫ್ ಜಿಟಿಐ 265 ಪಿಎಸ್‌ನದಾದರೂ ಬಂದಾಗಲೇ ಬೆಲೆ ಐವತ್ತು ಲಕ್ಷ ದಾಟಿತ್ತು. ನನ್ನ ಲಿಫ್ಟಿಗೆ ಎರಡೂ ಇದುವರೆಗೆ ಏರಿಲ್ಲ.

ಎರಡೂ ಟಿಎಸ್‌ಐಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಚಿಮ್ಮುವುದರಿಂದ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್‌ಗಳನ್ನು ಇಂಧನ ತೊಳೆಯುವುದಿಲ್ಲ, ವರ್ಷ ಕಳೆದಂತೆ ಅಲ್ಲಿ ಮಸಿ ಕೂರುತ್ತದೆ. ಟರ್ಬೊ ಇರುವುದರಿಂದ ಎಂಜಿನ್ ಆಯಿಲ್ ಬದಲಾಯಿಸಿದ ಬಿಲ್ಲುಗಳನ್ನೂ ತಪ್ಪದೆ ಕೇಳಿ ನೋಡಬೇಕು.

ಹಳೆಯ ಜಿಟಿಯನ್ನು ತಣ್ಣಗಿರುವಾಗ ಪರೀಕ್ಷಿಸಿ ಪ್ರಯೋಜನವಿಲ್ಲ. ಮುಕ್ಕಾಲು ಗಂಟೆ ಪೇಟೆಯ ಗದ್ದಲದಲ್ಲಿ ಓಡಿಸಿ, ಅದು ಚೆನ್ನಾಗಿ ಬಿಸಿಯಾದ ಮೇಲೆ ಏರಿನ ಮೇಲೆ ರಿವರ್ಸಿನಲ್ಲಿ ನಿಧಾನವಾಗಿ ಹತ್ತಿಸುತ್ತೇನೆ. ಸಮ ಸಂಖ್ಯೆಯ ಗೇರುಗಳ ಕ್ಲಚ್ ಸವೆದಿದ್ದರೆ ಗಾಡಿ ಅಲ್ಲಿ ನಡುಗುತ್ತದೆ. ಆಮೇಲೆ ಮುಂದಕ್ಕೆ ಒಂದರಿಂದ ಎರಡಕ್ಕೆ ಹೋಗುವಾಗಲೂ ಅದೇ ನಡುಕ ಕಂಡರೆ ಅನುಮಾನ ಉಳಿಯುವುದಿಲ್ಲ. ಮಾರುವವರು ಈ ಪರೀಕ್ಷೆ ಬೇಡವೆಂದರೆ, ಕೊಳ್ಳಲು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತೇನೆ; ಗಾಡಿಯ ಬಾನೆಟ್ ತೆರೆಯುವುದಿಲ್ಲ.